ಹಳೆಯ ಕಾರಿನ ಎಂಜಿನ್‌ನಲ್ಲಿ ಥ್ರೆಡ್ ಕಿತ್ತುಹೋದಾಗ: ದುರಸ್ತಿಯ ಸಮಗ್ರ ಮಾರ್ಗದರ್ಶಿ

ಬೋಲ್ಟ್ ಬಿಗಿಯಾಗುತ್ತಾ ಬಂದು, ಇನ್ನೇನು ಕೂತಿತು ಅನ್ನುವಾಗ ಸ್ಪ್ಯಾನರ್ ಇದ್ದಕ್ಕಿದ್ದಂತೆ ಹಗುರಾದರೆ ಥ್ರೆಡ್ (ಬೋಲ್ಟಿನ ಮೈಗೂ ತೂತಿನ ಗೋಡೆಗೂ ಇರುವ ಸುರುಳಿ ಏಣು) ಕಿತ್ತಿತೆಂದೇ ಲೆಕ್ಕ. ಅಲ್ಲಿಗೇ ಕೈ ನಿಲ್ಲಿಸಿ. ಮತ್ತೆರಡು ಸುತ್ತು ತಿರುಗಿಸಿ ನೋಡೋಣ ಅಂದರೆ ಅರ್ಧ ಉಳಿದಿದ್ದ ಥ್ರೆಡ್ಡೂ ಪುಡಿಯಾಗುತ್ತದೆ, ಸುಲಭದ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಬೋಲ್ಟನ್ನು ನಿಧಾನವಾಗಿ ಬಿಚ್ಚಿ, ಅದರ ಸುರುಳಿಗೆ ಮೆತ್ತಿಕೊಂಡು ಬಂದ ಲೋಹವನ್ನು ನೋಡಿ. ತೆಳ್ಳನೆಯ ಸ್ಪ್ರಿಂಗಿನಂತೆ ಅಲ್ಯೂಮಿನಿಯಂ ಸುತ್ತಿಕೊಂಡಿದ್ದರೆ ಕಿತ್ತಿರುವುದು ತೂತಿನ ಒಳಗಿನ ಥ್ರೆಡ್. ಬೋಲ್ಟಿನದೇ ಏಣುಗಳು ಮಡಚಿದ್ದರೆ ಮೊದಲು ಹೊಸ ಬೋಲ್ಟನ್ನು ಕೈಯಿಂದ ತಿರುಗಿಸಿ ಪರೀಕ್ಷಿಸಿ. ತೂತು ಇನ್ನೂ ಚೆನ್ನಾಗಿರಬಹುದು.

ಈ ದುರಸ್ತಿಯಲ್ಲಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆಯುವುದು, ಇನ್ಸರ್ಟ್ (ಕಿತ್ತ ಥ್ರೆಡ್ಡಿನ ಬದಲಿಗೆ ತೂತಿನೊಳಗೆ ಹಾಕುವ ಹೊಸ ಥ್ರೆಡ್ಡಿನ ತೋಳು) ಕೂರಿಸುವುದು ಹತ್ತಿಪ್ಪತ್ತು ನಿಮಿಷದ ಕೆಲಸ. ದುರಸ್ತಿ ಬಾಳುವುದೋ ಕೆಡುವುದೋ ತೀರ್ಮಾನವಾಗುವುದು ಅದಕ್ಕೂ ಮೊದಲೇ: ಯಾವ ಥ್ರೆಡ್ ಎಂದು ಸರಿಯಾಗಿ ಗುರುತಿಸಿದಿರಾ, ತೂತಿನ ತಳದಲ್ಲಿ ಏನಿದೆ ಎಂದು ತಿಳಿದುಕೊಂಡಿರಾ, ಡ್ರಿಲ್ ನೇರ ಇಳಿಯುವಂತೆ ವ್ಯವಸ್ಥೆ ಮಾಡಿಕೊಂಡಿರಾ ಎಂಬುದರಲ್ಲಿ. ಈ ಮೂರಕ್ಕೆ ಧಾರಾಳವಾಗಿ ಸಮಯ ಕೊಡಿ.

ಕಿತ್ತದ್ದೇಕೆ

ಕಾರಣ ಹುಡುಕದೆ ದುರಸ್ತಿ ಮಾಡಿದರೆ ಹೊಸ ಥ್ರೆಡ್ಡೂ ಅದೇ ದಾರಿ ಹಿಡಿಯುತ್ತದೆ. ಅತಿಯಾಗಿ ಬಿಗಿದದ್ದು ಒಂದು ಕಾರಣ ಅಷ್ಟೆ. ಅಲ್ಯೂಮಿನಿಯಂನಲ್ಲಿ ಬೋಲ್ಟ್ ತನ್ನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳ ಇಳಿದಿರಬೇಕು. ಬೀಡು ಕಬ್ಬಿಣದಲ್ಲಿ ಒಂದೂಕಾಲರಿಂದ ಒಂದೂವರೆ ಪಟ್ಟು ಸಾಕು. 8 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂ ಒಳಗೆ 7 ಮಿ.ಮೀ. ಮಾತ್ರ ಇಳಿದಿದ್ದರೆ ಅದು ಇಂದಲ್ಲ ನಾಳೆ ಕೀಳುವಂಥದ್ದೇ. ಹಿಂದೆ ಯಾರೋ ದಪ್ಪ ಗ್ಯಾಸ್ಕೆಟ್ಟೋ ಹೆಚ್ಚುವರಿ ವಾಷರೋ ಹಾಕಿ ಹಳೆಯ ಬೋಲ್ಟನ್ನೇ ಉಳಿಸಿರುತ್ತಾರೆ, ಹಿಡಿತ ಅಲ್ಲೇ ಕಡಿಮೆಯಾಗಿರುತ್ತದೆ.

ಇನ್ನೊಂದು ಕಾರಣ ತಳ ಮುಚ್ಚಿದ ತೂತಿನಲ್ಲಿ ನಿಂತ ಎಣ್ಣೆ ಅಥವಾ ನೀರು. ಬೋಲ್ಟ್ ಇಳಿದಂತೆ ದ್ರವಕ್ಕೆ ಹೋಗಲು ಜಾಗವಿಲ್ಲ. ಟಾರ್ಕ್ ರೆಂಚ್ (ತಿರುಗಿಸುವ ಬಲ, ಅಂದರೆ ಟಾರ್ಕ್, ತೋರಿಸುವ ಸ್ಪ್ಯಾನರ್) ಬಿಗಿಯಾಯಿತೆಂದು ಹೇಳುತ್ತದೆ, ಆದರೆ ಒತ್ತಡವೆಲ್ಲ ತೂತಿನ ಗೋಡೆಯ ಮೇಲೆ ಬೀಳುತ್ತದೆ. ಬ್ಲಾಕ್ ಬಿರುಕು ಬಿಡುವುದೂ ಉಂಟು. ಮೂರನೆಯದು ಉಕ್ಕು ಮತ್ತು ಅಲ್ಯೂಮಿನಿಯಂ ಜೊತೆಗಿದ್ದು ತೇವ ತಾಗಿದಾಗ ಆಗುವ ಸವೆತ: ಬಿಳಿಯ ಪುಡಿ ಕಟ್ಟಿಕೊಂಡು ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್) ಅಂಟುತ್ತದೆ, ಬಿಚ್ಚುವಾಗ ಥ್ರೆಡ್ಡನ್ನೂ ಕಿತ್ತುಕೊಂಡೇ ಬರುತ್ತದೆ. ಹಳೆಯ ಕಾರುಗಳಲ್ಲಿ ನಾಲ್ಕನೆಯದೂ ಸಾಮಾನ್ಯ. ಹತ್ತಿರದ ಅಳತೆಯ, ಆದರೆ ಬೇರೆ ಜಾತಿಯ ಬೋಲ್ಟನ್ನು ಯಾರೋ ಬಲವಂತವಾಗಿ ತಿರುಗಿಸಿರುತ್ತಾರೆ.

ಯಾವ ಥ್ರೆಡ್ ಎಂದು ಗುರುತಿಸುವುದು

ಬೋಲ್ಟಿನ ತಲೆಯ ಅಳತೆ ನೋಡಿ ಥ್ರೆಡ್ ನಿರ್ಧರಿಸಬೇಡಿ. ಬ್ರಿಟಿಷ್ ಕಂಪನಿ ಎಂ.ಜಿ.ಯ ಟಿ.ಸಿ., ಟಿ.ಡಿ. ಕಾರುಗಳ ಎಕ್ಸ್‌ಪಿಎಜಿ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಥ್ರೆಡ್ ಮೆಟ್ರಿಕ್, ಬೋಲ್ಟಿನ ತಲೆಗೆ ಹೊಂದುವುದು ಮಾತ್ರ ಹಳೆಯ ಬ್ರಿಟಿಷ್ ಇಂಚಿನ ಪದ್ಧತಿಯಾದ ವಿಟ್‌ವರ್ತ್ ಸ್ಪ್ಯಾನರ್. ತಲೆ ನೋಡಿ ಇಂಚಿನ ಟ್ಯಾಪ್ ತಂದವರು ತೂತು ಕೆಡಿಸುತ್ತಾರೆ.

ಬೇಕಾದ ಸಾಮಾನು ಎರಡು: ವರ್ನಿಯರ್ (ವ್ಯಾಸ, ಆಳ ಅಳೆಯುವ ಕ್ಯಾಲಿಪರ್) ಮತ್ತು ಪಿಚ್ ಗೇಜ್ (ಪಿಚ್, ಅಂದರೆ ಒಂದು ಏಣಿನಿಂದ ಮುಂದಿನದಕ್ಕಿರುವ ಅಂತರ, ಹೋಲಿಸಿ ನೋಡುವ ಹಲ್ಲಿನ ಪಟ್ಟಿಗಳು). ಪಿಚ್ ಗೇಜಿನಲ್ಲಿ ಏಣಿನ ಕೋನ 60 ಡಿಗ್ರಿಯ ಮೆಟ್ರಿಕ್, 60 ಡಿಗ್ರಿಯ ಇಂಚು ಮತ್ತು 55 ಡಿಗ್ರಿಯ ವಿಟ್‌ವರ್ತ್ ಮೂರೂ ಇರಬೇಕು. ಬ್ರಿಟಿಷ್ ಕಾರುಗಳು ಬಿಎಸ್‌ಡಬ್ಲ್ಯು (ಒರಟು ವಿಟ್‌ವರ್ತ್) ಮತ್ತು ಬಿಎಸ್‌ಎಫ್‌ನಿಂದ (ನಯವಾದ ವಿಟ್‌ವರ್ತ್) 60 ಡಿಗ್ರಿಯ ಇಂಚು ಥ್ರೆಡ್ಡುಗಳಾದ ಯುಎನ್‌ಸಿ (ಒರಟು), ಯುಎನ್‌ಎಫ್‌ಗೆ (ನಯ) ಹೊರಳಿದ್ದು ಹೆಚ್ಚಾಗಿ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ. ಒಂದೇ ಕಾರಿನಲ್ಲಿ ಎರಡೂ ಬೆರೆತಿರುವುದು ಅಪರೂಪವಲ್ಲ. ಗೊಂದಲ ಹುಟ್ಟುವುದು ಇಲ್ಲಿ:

ಕಾಲಿಂಚು: ಬಿಎಸ್‌ಡಬ್ಲ್ಯು ಇಂಚಿಗೆ 20 ಥ್ರೆಡ್, ಯುಎನ್‌ಸಿ 20, ಬಿಎಸ್‌ಎಫ್ 26, ಯುಎನ್‌ಎಫ್ 28.
5/16 ಇಂಚು: ಬಿಎಸ್‌ಡಬ್ಲ್ಯು 18, ಯುಎನ್‌ಸಿ 18, ಬಿಎಸ್‌ಎಫ್ 22, ಯುಎನ್‌ಎಫ್ 24.
3/8 ಇಂಚು: ಬಿಎಸ್‌ಡಬ್ಲ್ಯು 16, ಯುಎನ್‌ಸಿ 16, ಬಿಎಸ್‌ಎಫ್ 20, ಯುಎನ್‌ಎಫ್ 24.
ಅರ್ಧ ಇಂಚು: ಬಿಎಸ್‌ಡಬ್ಲ್ಯು 12, ಯುಎನ್‌ಸಿ 13, ಬಿಎಸ್‌ಎಫ್ 16, ಯುಎನ್‌ಎಫ್ 20.

3/8 ಇಂಚಿನವರೆಗೆ ಬಿಎಸ್‌ಡಬ್ಲ್ಯು ಮತ್ತು ಯುಎನ್‌ಸಿ ಒಂದರೊಳಗೊಂದು ತಿರುಗುತ್ತವೆ, ಆದರೆ ಕೋನ ಬೇರೆಯಾದ್ದರಿಂದ ಏಣುಗಳು ಪೂರ್ತಿ ಮೈಗೆ ಮೈ ತಾಗುವುದಿಲ್ಲ. ಬೋಲ್ಟ್ ಕೈಗೆ ಬಿಗಿ ಅನ್ನಿಸುತ್ತದೆ, ಭಾರ ಬಿದ್ದಾಗ ಕೀಳುತ್ತದೆ. ಅರ್ಧ ಇಂಚಿನಲ್ಲಿ ಕೆಲವು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಕೈಬೆರಳಿನಿಂದ ಪೂರ್ತಿ ಆಳಕ್ಕೆ ಇಳಿಯದ ಬೋಲ್ಟ್ ಆ ತೂತಿನದಲ್ಲ ಎಂದು ಖಚಿತವಾಗಿ ತಿಳಿಯಿರಿ. ಕಿತ್ತ ತೂತಿನಿಂದ ಅಳತೆ ಸಿಗದಿದ್ದರೆ ಅದೇ ಭಾಗದ ಪಕ್ಕದ ಒಳ್ಳೆಯ ತೂತಿನಿಂದ ಅಳತೆ ತೆಗೆದುಕೊಳ್ಳಿ. ಸ್ಟಡ್ ಆದರೆ ಎರಡೂ ತುದಿ ಅಳೆಯಿರಿ. ಎರಕದೊಳಗೆ ಇಳಿಯುವ ತುದಿ ಒರಟು ಥ್ರೆಡ್, ನಟ್ ಕೂರುವ ತುದಿ ನಯವಾದ ಥ್ರೆಡ್ ಆಗಿರುವುದು ಸಾಮಾನ್ಯ.

ತೂತಿನ ಆಳ, ಗೋಡೆಯ ದಪ್ಪ

ತೂತನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ. ಕನ್ನಡಕ ಹಾಕಿಕೊಂಡು, ಬಟ್ಟೆ ಅಡ್ಡ ಹಿಡಿದು ಗಾಳಿ ಹೊಡೆಯಿರಿ. ವರ್ನಿಯರಿನ ಹಿಂತುದಿಯಿಂದ ಹೊರಬರುವ ಕಡ್ಡಿಯಿಂದ ಆಳ ಅಳೆಯಿರಿ. ಟಾರ್ಚ್ ಬಿಟ್ಟು ನೋಡಿ: ತಳ ಮುಚ್ಚಿದೆಯೇ? ನೀರಿನ ಜಾಕೆಟ್ಟಿಗೆ (ಎಂಜಿನ್ ತಣಿಸುವ ನೀರು ಹರಿಯುವ ಟೊಳ್ಳು) ತೆರೆದಿದೆಯೇ? ಎಣ್ಣೆಯ ದಾರಿ ಪಕ್ಕದಲ್ಲಿದೆಯೇ? ಅದೇ ಎಂಜಿನ್ನಿನ ಕೆಲವು ತೂತುಗಳು ಮುಚ್ಚಿದ್ದು, ಇನ್ನು ಕೆಲವು ನೀರಿಗೆ ತೆರೆದಿರುತ್ತವೆ. ಒಂದನ್ನು ನೋಡಿ ಮಿಕ್ಕದ್ದನ್ನು ಊಹಿಸಬೇಡಿ.

ಇನ್ಸರ್ಟ್ ಹಾಕಲು ತೂತು ದೊಡ್ಡದಾಗಬೇಕು, ಅಂದರೆ ಸುತ್ತ ಲೋಹ ಬೇಕು. ತಂತಿಯ ಸುರುಳಿಯಾದ ಇನ್ಸರ್ಟಿಗೆ ಹೊಡೆಯುವ ಥ್ರೆಡ್ಡಿನ ಹೊರವ್ಯಾಸ, ಬೋಲ್ಟಿನ ವ್ಯಾಸಕ್ಕೆ ಪಿಚ್ಚಿನ 1.3 ಪಟ್ಟು ಸೇರಿಸಿದಷ್ಟು. ಎಂ8×1.25ಕ್ಕೆ (ಮೆಟ್ರಿಕ್, 8 ಮಿ.ಮೀ. ವ್ಯಾಸ, 1.25 ಮಿ.ಮೀ. ಪಿಚ್) ಸುಮಾರು 9.6 ಮಿ.ಮೀ., ಎಂ10×1.5ಕ್ಕೆ ಸುಮಾರು 12 ಮಿ.ಮೀ. ಅದರಾಚೆ ಕನಿಷ್ಠ 2–3 ಮಿ.ಮೀ. ಗೋಡೆ ಉಳಿಯದಿದ್ದರೆ ಘನ ಬುಷ್ (ತಂತಿಯ ಬದಲು ಇಡಿಯಾದ ಉಕ್ಕಿನ ತೋಳಿನ ಇನ್ಸರ್ಟ್) ಯೋಚನೆಯನ್ನೇ ಬಿಡಿ. ತಂತಿಯ ಇನ್ಸರ್ಟ್ ಎಲ್ಲಕ್ಕಿಂತ ತೆಳ್ಳಗಿರುವುದರಿಂದ ಇಕ್ಕಟ್ಟಿನ ಜಾಗಕ್ಕೆ ಅದೇ ಸರಿ.

ದಾರಿ ಆರಿಸುವುದು

ಮೊದಲು ನೋಡಬೇಕಾದ್ದು ಡ್ರಿಲ್ಲೇ ಬೇಡದ ದಾರಿ. ಎಷ್ಟೋ ತೂತುಗಳಲ್ಲಿ ಬೋಲ್ಟ್ ತಲುಪದ ಆಳದಲ್ಲಿ ನಾಲ್ಕೈದು ಮಿಲಿಮೀಟರ್ ಥ್ರೆಡ್ ಹೊಸದರಂತೆಯೇ ಉಳಿದಿರುತ್ತದೆ. ಅಷ್ಟು ಉದ್ದದ ಬೋಲ್ಟ್ ಹಾಕಿದರೆ ಥರ್ಮೋಸ್ಟಾಟ್ ಮುಚ್ಚಳ, ಟೈಮಿಂಗ್ ಕವರ್‌ನಂಥ ಹಗುರ ಜಾಗಕ್ಕೆ ಸಾಕು. ಬೋಲ್ಟಿನ ತುದಿ ತಳಕ್ಕೆ ತಾಗದಂತೆ 2 ಮಿ.ಮೀ. ಬಿಡುವು ಇರಲೇಬೇಕು.

ಥ್ರೆಡ್ ಬರೀ ಕೊಳೆಯಾಗಿ, ಮೇಲಿನ ಒಂದೆರಡು ಸುತ್ತು ಮಾತ್ರ ಮಡಚಿದ್ದರೆ ಥ್ರೆಡ್ ಚೇಸರ್ (ಲೋಹ ಕೊರೆಯದೆ ಇರುವ ಥ್ರೆಡ್ಡನ್ನೇ ಸ್ವಚ್ಛ ಮಾಡಿ ನೇರ್ಪಡಿಸುವ ಉಪಕರಣ) ಬಳಸಿ. ಹರಿತವಾದ ಕಟಿಂಗ್ ಟ್ಯಾಪನ್ನು ಸ್ವಚ್ಛ ಮಾಡಲು ಬಳಸುವುದು ಕೆಟ್ಟ ಅಭ್ಯಾಸ. ಅದು ಪ್ರತಿ ಸಲವೂ ಒಳ್ಳೆಯ ಲೋಹವನ್ನೇ ಸ್ವಲ್ಪ ಕೆರೆದು ಥ್ರೆಡ್ಡನ್ನು ಸಡಿಲ ಮಾಡುತ್ತದೆ.

ಒಂದು ಅಳತೆ ದೊಡ್ಡ ಬೋಲ್ಟಿಗೆ ಟ್ಯಾಪ್ ಹೊಡೆಯುವುದು ಹಳೆಯ ಪದ್ಧತಿ, ಗಟ್ಟಿಯೂ ಹೌದು. ಆದರೆ ಮುಚ್ಚಳದ ತೂತನ್ನೂ ದೊಡ್ಡದು ಮಾಡಬೇಕು, ಸ್ಪ್ಯಾನರ್ ಬೇರೆಯಾಗುತ್ತದೆ, ಮೂಲ ರೂಪ ಕೆಡುತ್ತದೆ. ಮೂಲ ಬೋಲ್ಟ್ ಉಳಿಯಬೇಕಾದ ಕಾರಿನಲ್ಲಿ ಇದು ಕೊನೆಯ ಆಯ್ಕೆಯಾಗಿರಲಿ. ಸ್ಟಡ್ ಇರುವ ಕಡೆ ಇದೇ ಉಪಾಯದ ಒಳ್ಳೆಯ ರೂಪವೊಂದಿದೆ: ಎರಕದೊಳಗಿನ ತುದಿ ದಪ್ಪ, ಮೇಲಿನ ತುದಿ ಮೂಲ ಅಳತೆ ಇರುವ ಮೆಟ್ಟಿಲು ಸ್ಟಡ್. ಹೊರಗಿನಿಂದ ನೋಡಿದರೆ ದುರಸ್ತಿಯಾದದ್ದೇ ಗೊತ್ತಾಗುವುದಿಲ್ಲ.

ಉಳಿದ ಎಲ್ಲ ಕಡೆ ಇನ್ಸರ್ಟ್. ಹೆಲಿಕಾಯಿಲ್ ಎಂದೇ ಹೆಸರಾದದ್ದು ವಜ್ರಾಕಾರದ ಅಡ್ಡಸೀಳಿನ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿ. ಬಿಡಿಯಾಗಿದ್ದಾಗ ಅದು ತೂತಿಗಿಂತ ದಪ್ಪ. ಸುತ್ತಿ ಕೂರಿಸಿದಾಗ ಅರಳಲು ಹವಣಿಸಿ ಗೋಡೆಯನ್ನು ಹಿಡಿಯುತ್ತದೆ. ಅಲ್ಯೂಮಿನಿಯಂನಲ್ಲಿ ಇದು ಮೂಲ ಥ್ರೆಡ್ಡಿಗಿಂತ ಗಟ್ಟಿ, ಏಕೆಂದರೆ ಮೆದು ಲೋಹ ಈಗ ದೊಡ್ಡ ವ್ಯಾಸದಲ್ಲಿ ಭಾರ ಹೊರುತ್ತದೆ. ಎಂ8ರಲ್ಲಿ ಹಿಡಿತದ ವ್ಯಾಸ ಸುಮಾರು 20 ಶೇಕಡಾ ಹೆಚ್ಚುತ್ತದೆ. ಟೈಮ್‌ಸರ್ಟ್‌ನಂಥ ಘನ ಬುಷ್ ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ತೋಳು. ಮೇಲೆ ಸಣ್ಣ ಅಂಚಿದ್ದು, ಕೆಳಗಿನ ಕೆಲವು ಥ್ರೆಡ್ಡುಗಳನ್ನು ಕೂರಿಸುವ ಉಪಕರಣ ಅರಳಿಸಿ ಎರಕಕ್ಕೆ ಬಂಧಿಸುತ್ತದೆ. ಮೇಲೆ ಮೇಲೆ ಬಿಚ್ಚುವ ಜಾಗಕ್ಕೆ, ಸ್ಪಾರ್ಕ್ ಪ್ಲಗ್ಗಿಗೆ, ಹೆಡ್ ಸ್ಟಡ್ಡಿಗೆ ಇದೇ ಮೇಲು. ಪಕ್ಕದಲ್ಲಿ ಸಣ್ಣ ಕೀಲಿಗಳಿರುವ ಕೀನ್‌ಸರ್ಟ್ ಜಾತಿಯದು ಬಲು ಗಟ್ಟಿ, ಆದರೆ ದಪ್ಪ ಗೋಡೆ ಬೇಡುತ್ತದೆ.

ತೂತಿನ ಅಂಚೇ ಒಡೆದು ಬಿದ್ದಿದ್ದರೆ, ಬಿರುಕು ಓಡಿದ್ದರೆ ಇನ್ಸರ್ಟ್ ಸಾಲದು. ಟಿಗ್ ವೆಲ್ಡಿಂಗ್ ಮಾಡಿ ಹೊಸದಾಗಿ ತೂತು ಕೊರೆಸಬೇಕು. ಎಪಾಕ್ಸಿ ತುಂಬಿ ಥ್ರೆಡ್ ಅಚ್ಚೊತ್ತುವ ವಿಧಾನವನ್ನು ಹಗುರ ತಗಡಿನ ಮುಚ್ಚಳದ ಸ್ಕ್ರೂಗಳಾಚೆ ಎಲ್ಲಿಯೂ ನಂಬಬೇಡಿ.

ತಂತಿಯ ಇನ್ಸರ್ಟ್ ಕೂರಿಸುವ ಕ್ರಮ

ಕಿಟ್ಟಿನಲ್ಲಿ ಇನ್ಸರ್ಟಿಗೇ ಮೀಸಲಾದ ದೊಡ್ಡ ಟ್ಯಾಪ್, ಕೂರಿಸುವ ಕೋಲು, ಬಾಲ (ತಿರುಗಿಸಿ ಕೂರಿಸಲೆಂದು ಸುರುಳಿಯ ಕೆಳತುದಿಯಲ್ಲಿ ಅಡ್ಡ ಬಾಗಿಸಿದ ತಂತಿಯ ತುಂಡು) ಮುರಿಯುವ ಕಂಬಿ ಇರುತ್ತವೆ. ಆ ಟ್ಯಾಪಿನ ಪಿಚ್ ಮೂಲ ಬೋಲ್ಟಿನದೇ, ವ್ಯಾಸ ಮಾತ್ರ ದೊಡ್ಡದು. ಮಾಮೂಲಿ ಟ್ಯಾಪಿನಿಂದ ಈ ಕೆಲಸ ಆಗದು. ಡ್ರಿಲ್ ಅಳತೆಗಳು ಸಾಮಾನ್ಯವಾಗಿ ಹೀಗೆ:

ಎಂ6×1.0: 6.3 ಮಿ.ಮೀ.
ಎಂ8×1.25: 8.3 ಮಿ.ಮೀ.
ಎಂ10×1.5: 10.4 ಮಿ.ಮೀ.
ಕಾಲಿಂಚು ಯುಎನ್‌ಸಿ: 17/64 ಇಂಚು
5/16 ಯುಎನ್‌ಸಿ: 21/64 ಇಂಚು
3/8 ಯುಎನ್‌ಸಿ: 25/64 ಇಂಚು

ತಯಾರಕರ ನಡುವೆ 0.1 ಮಿ.ಮೀ. ಆಚೀಚೆ ಆಗುವುದುಂಟು, ಆದ್ದರಿಂದ ನಿಮ್ಮ ಕಿಟ್ಟಿನ ಮೇಲೆ ಬರೆದದ್ದೇ ಅಂತಿಮ. ಇನ್ಸರ್ಟಿನ ಉದ್ದವನ್ನು ಬೋಲ್ಟ್ ವ್ಯಾಸದ ಒಂದು, ಒಂದೂವರೆ, ಎರಡು ಪಟ್ಟು ಎಂದು ಹೇಳುತ್ತಾರೆ. ಅಲ್ಯೂಮಿನಿಯಂಗೆ ಆಳ ಒದಗಿದರೆ ಎರಡು ಪಟ್ಟಿನದು, ಇಲ್ಲವಾದರೆ ಒಂದೂವರೆ ಪಟ್ಟಿನದು.

1. ಕೊರೆಯುವ ಜಾಗದ ಸುತ್ತಲಿನ ಎಲ್ಲ ಬಾಯಿಗಳನ್ನೂ ಮುಚ್ಚಿ. ಎಣ್ಣೆ ದಾರಿಗೆ ರಬ್ಬರ್ ಬಿರಡೆ, ದೊಡ್ಡ ಬಾಯಿಗೆ ಬಟ್ಟೆ, ಅದರ ಮೇಲೆ ಟೇಪ್. ಕ್ರ್ಯಾಂಕ್‌ಕೇಸಿಗೆ ಬಿದ್ದ ಒಂದು ಲೋಹದ ಚೂರು ಬೇರಿಂಗನ್ನು ಗೀರುತ್ತದೆ; ಕಿತ್ತ ಥ್ರೆಡ್ಡಿಗಿಂತ ಅದು ಎಷ್ಟೋ ದೊಡ್ಡ ನಷ್ಟ.

2. ಮಾರ್ಗದರ್ಶಿ ಬ್ಲಾಕ್ ಮಾಡಿಕೊಳ್ಳಿ. ಬಿಡಿ ಭಾಗವಾದರೆ ಡ್ರಿಲ್ ಪ್ರೆಸ್ಸಿನ ಮೇಲೆ ಕಟ್ಟಿ ಕೊರೆಯುವುದೇ ಉತ್ತಮ. ಎಂಜಿನ್ ಕಾರಿನಲ್ಲೇ ಇದ್ದರೆ 25–30 ಮಿ.ಮೀ. ದಪ್ಪದ ಉಕ್ಕಿನ ತುಂಡಿಗೆ ಡ್ರಿಲ್ ಪ್ರೆಸ್ಸಿನಲ್ಲಿ ನೇರ ತೂತು ಕೊರೆದು, ಅದನ್ನು ಪಕ್ಕದ ಒಳ್ಳೆಯ ತೂತಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಎಂ8 ಕೆಲಸಕ್ಕೆ ಒಂದು ತುಂಡಿನಲ್ಲಿ 8.3 ಮಿ.ಮೀ. ತೂತು ಡ್ರಿಲ್ಲಿಗೆ, ಇನ್ನೊಂದರಲ್ಲಿ 9.7 ಮಿ.ಮೀ. ತೂತು ಟ್ಯಾಪಿಗೆ. ಈ ತುಂಡು ಮಾಡಲು ಹಿಡಿಯುವ ಅರ್ಧ ಗಂಟೆಯನ್ನು ಉಳಿಸಲು ಹೋದವರ ಇನ್ಸರ್ಟುಗಳೇ ಹೆಚ್ಚಾಗಿ ಓರೆಯಾಗುವುದು. ಕೈಯಲ್ಲಿ ಹಿಡಿದ ಡ್ರಿಲ್ ಹಳೆಯ ತೂತನ್ನು ಹಿಂಬಾಲಿಸುತ್ತದೆ ನಿಜ, ಆದರೆ ಹಳೆಯ ತೂತು ಒಂದು ಬದಿಗೆ ಕಿತ್ತಿದ್ದರೆ ಆ ಓರೆಯನ್ನೂ ಹಿಂಬಾಲಿಸುತ್ತದೆ.

3. ಆಳದ ಗುರುತು ಹಾಕಿ. ಡ್ರಿಲ್ ಬಿಟ್ಟಿಗೆ ಸ್ಕ್ರೂ ಇರುವ ಕಾಲರ್ ಕಟ್ಟಿ; ಟೇಪ್ ಸುತ್ತಿದರೆ ಅದು ಜಾರುತ್ತದೆ. ಹಳೆಯ ತೂತಿನ ಆಳವನ್ನು ಮೀರಿ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

4. ಕೊರೆಯಿರಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಅತ್ಯುತ್ತಮ; ಅದಿಲ್ಲದೆ ಲೋಹ ಬಿಟ್ಟಿನ ತುದಿಗೆ ಅಂಟಿ ತೂತು ದೊಡ್ಡದಾಗುತ್ತದೆ. ಬೀಡು ಕಬ್ಬಿಣವನ್ನು ಒಣಗಿದ್ದಂತೆಯೇ ಕೊರೆಯಿರಿ, ಅದರೊಳಗಿನ ಗ್ರಾಫೈಟೇ ಜಾರಿಕೆ ಕೊಡುತ್ತದೆ. ಎಣ್ಣೆ ಹಾಕಿದರೆ ಪುಡಿ ಕೆಸರಾಗಿ ಟ್ಯಾಪಿಗೆ ಮೆತ್ತುತ್ತದೆ. ಕಿತ್ತ ತೂತಿನಲ್ಲಿ ಬಿಟ್ಟಿಗೆ ತೆಗೆಯಲು ಸಿಗುವುದು ಅರ್ಧ ಮಿಲಿಮೀಟರಿನಷ್ಟು ಲೋಹ ಮಾತ್ರ. ಇಂಥ ತೆಳು ಪದರವನ್ನು ಡ್ರಿಲ್ ಬಿಟ್ ಸ್ಕ್ರೂವಿನಂತೆ ಕಚ್ಚಿ ತನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ವೇಗ ತಗ್ಗಿಸಿ, ಡ್ರಿಲ್ಲನ್ನು ಹಿಂದಕ್ಕೆ ಹಿಡಿದುಕೊಂಡೇ ಇಳಿಸಿ, ಪ್ರತಿ 5 ಮಿ.ಮೀ.ಗೆ ಹೊರತೆಗೆದು ಚೂರು ಒರೆಸಿ.

5. ತೂತಿನ ಬಾಯಿಗೆ ಸಣ್ಣ ಕೌಂಟರ್‌ಸಿಂಕ್ (ಓರೆಯಾಗಿ ಕೆತ್ತಿದ ಅಂಚು) ಕೊಡಿ. ವ್ಯಾಸ ಇನ್ಸರ್ಟ್ ಟ್ಯಾಪಿನ ಹೊರವ್ಯಾಸದಷ್ಟೇ ಇರಲಿ. ಟ್ಯಾಪ್ ನೇರ ಹಿಡಿಯಲೂ, ಮೇಲ್ಮೈಯಲ್ಲಿ ಲೋಹ ಉಬ್ಬದಿರಲೂ ಇದು ಬೇಕು.

6. ಟ್ಯಾಪ್ ಹೊಡೆಯಿರಿ. ಮೊದಲ ಎರಡು ಸುತ್ತಿನಲ್ಲಿ ಎಲ್ಲವೂ ನಿರ್ಧಾರವಾಗುತ್ತದೆ. ಮಾರ್ಗದರ್ಶಿ ತುಂಡು ಇಲ್ಲದಿದ್ದರೆ ಸಣ್ಣ ಮೂಲೆಮಟ್ಟವನ್ನು ಟ್ಯಾಪಿನ ಪಕ್ಕಕ್ಕಿಟ್ಟು, ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಿಂದ ನೋಡಿ. ಮೂರನೇ ಸುತ್ತಿನ ನಂತರ ಓರೆ ಸರಿಪಡಿಸಲು ಟ್ಯಾಪನ್ನು ಬಗ್ಗಿಸಿದರೆ ಅದು ಮುರಿಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಮೂರು ಪೂರ್ತಿ ಸುತ್ತಿಗೊಮ್ಮೆ ಹೊರತೆಗೆದು ಒರೆಸಿ. ಟ್ಯಾಪ್ ಬಿಗಿಯಾಗಿ ಚಿಮ್ಮಿದಂತಾದರೆ ಅದು ಚೂರು ತುಂಬಿದ ಸೂಚನೆ, ಬಲ ಹಾಕಬೇಡಿ. ಎರಕದೊಳಗೆ ಮುರಿದ ಟ್ಯಾಪ್ ಡ್ರಿಲ್ಲಿಗೆ ಬಗ್ಗದಷ್ಟು ಗಟ್ಟಿ, ತೆಗೆಸಲು ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರವೇ ಬೇಕಾಗುತ್ತದೆ. ತಳ ಮುಚ್ಚಿದ ತೂತಿನಲ್ಲಿ ಮೊದಲು ಚೂಪು ಟ್ಯಾಪ್, ಕೊನೆಗೆ ತಳದ ಟ್ಯಾಪ್. ಚೂಪು ಟ್ಯಾಪಿನ ತುದಿಯ ಏಳರಿಂದ ಹತ್ತು ಥ್ರೆಡ್ ಅಪೂರ್ಣವಾದ್ದರಿಂದ ಅದೊಂದೇ ಸಾಲದು.

7. ಸ್ವಚ್ಛ ಮಾಡಿ. ಮೊದಲು ವ್ಯಾಕ್ಯೂಮ್, ಆಮೇಲೆ ಬ್ರೇಕ್ ಕ್ಲೀನರ್, ನೈಲಾನ್ ಬ್ರಷ್, ಕೊನೆಗೆ ಗಾಳಿ. ಥ್ರೆಡ್ ಬುಡದಲ್ಲಿ ಉಳಿದ ಒಂದು ಚೂರು ಇನ್ಸರ್ಟನ್ನು ಅರ್ಧದಲ್ಲೇ ಸಿಲುಕಿಸುತ್ತದೆ.

8. ಇನ್ಸರ್ಟ್ ಕೂರಿಸಿ. ಬಾಲ ಕೋಲಿನ ಸೀಳಿಗೆ ಸಿಕ್ಕುವಂತೆ ಇಟ್ಟು, ಬಾಲದ ತುದಿ ಕೆಳಗಿರುವಂತೆ ತಿರುಗಿಸಿ. ಕೆಳಕ್ಕೆ ಒತ್ತಬೇಡಿ. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಮುಂದಿನದಕ್ಕೆ ಬೀಳುತ್ತದೆ, ಆಮೇಲೆ ಬೋಲ್ಟ್ ಅಲ್ಲಿ ನಿಂತುಬಿಡುತ್ತದೆ. ತಿರುಗುವಿಕೆಯೇ ಅದನ್ನು ಒಳಗೆಳೆಯಲಿ. ಮೇಲಿನ ಸುತ್ತು ಮೇಲ್ಮೈಯಿಂದ ಅರ್ಧದಿಂದ ಒಂದು ಪಿಚ್ ಕೆಳಗಿರಬೇಕು. ಮಧ್ಯದಲ್ಲಿ ಹಿಮ್ಮುಖವಾಗಿ ತಿರುಗಿಸಿದರೆ ಬಾಲ ಅಕಾಲದಲ್ಲಿ ಮುರಿಯುತ್ತದೆ.

9. ಬಾಲ ಮುರಿಯಿರಿ. ಕಂಬಿಯಿಟ್ಟು ಒಂದೇ ಚುರುಕಾದ ಪೆಟ್ಟು. ಮುರಿದ ತುಂಡನ್ನು ಅಯಸ್ಕಾಂತ ಹಿಡಿಯುತ್ತದೆಂದು ನಂಬಬೇಡಿ, ಈ ಜಾತಿಯ ಸ್ಟೇನ್‌ಲೆಸ್‌ಗೆ ಅಯಸ್ಕಾಂತದ ಸೆಳೆತ ಕಡಿಮೆ. ತುದಿಗೆ ಗ್ರೀಸ್ ಮೆತ್ತಿದ ಕಡ್ಡಿಯಿಂದ ಎತ್ತಿ. ತುಂಡು ಕಣ್ಣಿಗೆ ಕಾಣುವವರೆಗೆ ಮುಂದಿನ ಕೆಲಸ ಬೇಡ.

10. ಜೋಡಿಸುವ ಮೊದಲೇ ಪರೀಕ್ಷಿಸಿ. ದಪ್ಪ ವಾಷರುಗಳನ್ನೋ ಉಕ್ಕಿನ ಕೊಳವೆಯ ತುಂಡನ್ನೋ ಇಟ್ಟು, ಬೋಲ್ಟನ್ನು ಪೂರ್ತಿ ಟಾರ್ಕಿಗೆ ಬಿಗಿದು ಬಿಚ್ಚಿ. ದುರ್ಬಲ ಥ್ರೆಡ್ ಈಗಲೇ ಕಿತ್ತುಹೋಗಲಿ. ಗ್ಯಾಸ್ಕೆಟ್, ಎಣ್ಣೆ, ನೀರು ಎಲ್ಲ ಹಾಕಿದ ಮೇಲೆ ಬೇಡ.

ಘನ ಬುಷ್ ಆದರೆ ಇದೇ ಕ್ರಮದಲ್ಲಿ ಒಂದು ಹೆಜ್ಜೆ ಹೆಚ್ಚು: ಟ್ಯಾಪಿಗೆ ಮೊದಲು ಬುಷ್ಷಿನ ಅಂಚು ಕೂರಲು ಮೆಟ್ಟಿಲು ಕೊರೆಯಬೇಕು. ಅಂಚು ಮೇಲ್ಮೈಗಿಂತ ಒಂದೆಳೆಯೂ ಮೇಲೆ ನಿಲ್ಲಬಾರದು. ಹೊರ ಥ್ರೆಡ್ಡಿಗೆ ಕೆಂಪು ಥ್ರೆಡ್‌ಲಾಕ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಎರಡು ಹನಿ ಸಾಕು, ಒಳಗೆ ತಾಗಿಸಬೇಡಿ. ಕೂರಿಸುವ ಉಪಕರಣಕ್ಕೆ ಎಣ್ಣೆ ಹಚ್ಚಿ. ಕೊನೆಯ ಸುತ್ತುಗಳಲ್ಲಿ ಬಿಗಿಯಾಗಿ, ನಂತರ ಮತ್ತೆ ಸಡಿಲವಾದರೆ ಕೆಳಗಿನ ಥ್ರೆಡ್ ಅರಳಿತೆಂದು ಅರ್ಥ.

ಹೆಡ್ ಸ್ಟಡ್ಡುಗಳು

ಸಿಲಿಂಡರ್ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಹೆಡ್ ಸ್ಟಡ್ಡಿನ ತೂತು ಇತರ ತೂತುಗಳಂತಲ್ಲ. ವರ್ಷಗಟ್ಟಲೆ ಎಳೆದೂ ಎಳೆದೂ ಸ್ಟಡ್ಡಿನ ಸುತ್ತ ಬ್ಲಾಕಿನ ಮೇಲ್ಮೈ ಉಂಗುರದಂತೆ ಉಬ್ಬಿರುತ್ತದೆ. ನೇರಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಉಬ್ಬು ಗ್ಯಾಸ್ಕೆಟ್ಟನ್ನು ಎತ್ತಿ ಹಿಡಿಯುತ್ತದೆ, ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರಿಕೆ ನಿಲ್ಲದಿರಲು ಹಲವು ಸಲ ಇದೇ ಕಾರಣ. ಉಬ್ಬನ್ನು ಸಮ ಮಾಡಿ, ತೂತಿನ ಬಾಯಿಯನ್ನು ಕೌಂಟರ್‌ಸಿಂಕ್ ಮಾಡಿ, ಮೊದಲ ಥ್ರೆಡ್ ಮೇಲ್ಮೈಗಿಂತ ಒಂದೆರಡು ಪಿಚ್ ಕೆಳಗಿನಿಂದ ಶುರುವಾಗುವಂತೆ ಮಾಡಿ. ಹಿಡಿದ ಥ್ರೆಡ್ಡುಗಳಲ್ಲಿ ಮೊದಲನೆಯದರ ಮೇಲೇ ಭಾರದ ಮೂರನೇ ಒಂದರಷ್ಟು ಬೀಳುತ್ತದೆ; ಅದು ಮೇಲ್ಮೈಯಲ್ಲೇ ಇದ್ದರೆ ಮೇಲ್ಮೈಯನ್ನೇ ಎತ್ತುತ್ತದೆ.

ಸ್ಟಡ್ಡನ್ನು ಕೈಬಿಗಿಗಷ್ಟೇ ಇಳಿಸಿ. ಎರಡು ನಟ್ ಬಿಗಿದು ಸ್ಟಡ್ಡನ್ನು ತಳಕ್ಕೆ ಅದುಮಿದರೆ ಬ್ಲಾಕ್ ಸೀಳಬಹುದು. ನೀರಿನ ಜಾಕೆಟ್ಟಿಗೆ ತೆರೆದ ತೂತಾದರೆ ಥ್ರೆಡ್ಡಿಗೆ ಸೀಲೆಂಟ್ ಹಚ್ಚಲೇಬೇಕು. ಇನ್ಸರ್ಟ್ ಹಾಕಿದ್ದರೆ ಅದರ ಹೊರಮೈಗೂ ಹಚ್ಚಿ, ಏಕೆಂದರೆ ಸುರುಳಿಯ ಹಿಂಬದಿಯೇ ನೀರಿಗೆ ದಾರಿಯಾಗುತ್ತದೆ. ಒಂದು ಸ್ಟಡ್ ಕಿತ್ತರೆ ಉಳಿದವನ್ನೆಲ್ಲ ಕೊಳವೆ ತುಂಡಿಟ್ಟು ಪೂರ್ತಿ ಟಾರ್ಕಿಗೆ ಪರೀಕ್ಷಿಸಿಬಿಡಿ. ಅವೂ ಅಷ್ಟೇ ವರ್ಷ ಅದೇ ಭಾರ ಹೊತ್ತಿವೆ.

ಮೆಗ್ನೀಸಿಯಂ ಕೇಸುಗಳ ವಿಷಯ ಇಲ್ಲೇ ಹೇಳಬೇಕು. ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಎಂಜಿನ್ನುಗಳಲ್ಲಿ, 1968ರಿಂದ 1977ರವರೆಗಿನ ಪೋರ್ಷೆ 911ರ ಹಲವು ಎಂಜಿನ್ನುಗಳಲ್ಲಿ ಸ್ಟಡ್ ಮೇಲೆದ್ದು ಬರುವುದು ಹೆಸರಾಂತ ಕಾಯಿಲೆ. ಬಿಸಿಗೆ ಅಲ್ಯೂಮಿನಿಯಂ ಸಿಲಿಂಡರ್ ಮತ್ತು ಹೆಡ್ ಉಕ್ಕಿನ ಸ್ಟಡ್ಡಿಗಿಂತ ಹೆಚ್ಚು ಹಿಗ್ಗುತ್ತವೆ, ಮೆದು ಮೆಗ್ನೀಸಿಯಂ ಥ್ರೆಡ್ ಆ ಎಳೆತ ತಾಳುವುದಿಲ್ಲ. ಫೋಕ್ಸ್‌ವ್ಯಾಗನ್ನಿಗೆ 14 ಮಿ.ಮೀ. ಹೊರವ್ಯಾಸದ ಕೇಸ್ ಸೇವರ್ ಎಂಬ ಬುಷ್, ಪೋರ್ಷೆಗೆ ಟೈಮ್‌ಸರ್ಟ್ ಜಾತಿಯದು ರೂಢಿ. ಎಂಜಿನ್ ಬಿಚ್ಚಿದಾಗ ಎಲ್ಲ ಸ್ಟಡ್ಡಿಗೂ ಒಟ್ಟಿಗೆ ಹಾಕಿಬಿಡುವುದೇ ಜಾಣತನ. ಮೆಗ್ನೀಸಿಯಂ ಚೂರಿಗೆ ಬೆಂಕಿ ಹತ್ತುತ್ತದೆ, ನೀರು ಹಾಕಿದರೆ ಇನ್ನಷ್ಟು ಉರಿಯುತ್ತದೆ. ನಿಧಾನ ವೇಗ, ಹರಿತವಾದ ಡ್ರಿಲ್ ಬಿಟ್, ಚೂರನ್ನು ಆಗಾಗ ತೆಗೆಯುವುದು, ಪಕ್ಕದಲ್ಲಿ ಒಣ ಮರಳಿನ ಬಕೆಟ್ ಕಡ್ಡಾಯ.

ಸ್ಪಾರ್ಕ್ ಪ್ಲಗ್ ತೂತು

ಹೆಚ್ಚಿನ ಕಾರುಗಳಲ್ಲಿ ಇದು ಎಂ14×1.25, ಇನ್ನೂ ಹಳೆಯವುಗಳಲ್ಲಿ ಎಂ18×1.5 ಸಿಗುತ್ತದೆ. ಥ್ರೆಡ್ ಉದ್ದ ಸಾಮಾನ್ಯವಾಗಿ 12.7 ಅಥವಾ 19 ಮಿ.ಮೀ. ಬುಷ್ಷಿನ ಉದ್ದ ಪ್ಲಗ್ಗಿನ ಉದ್ದಕ್ಕೆ ಸರಿಹೊಂದಲೇಬೇಕು. ಬುಷ್ ಚಿಕ್ಕದಾಗಿ ಪ್ಲಗ್ಗಿನ ಥ್ರೆಡ್ ದಹನಕೋಣೆಗೆ ಚಾಚಿದರೆ ಅದು ಕೆಂಪಗೆ ಕಾದು ಅವೇಳೆಯಲ್ಲಿ ಕಿಡಿ ಹಚ್ಚುತ್ತದೆ. ಇಂಗಾಲ ಕಟ್ಟಿ ಪ್ಲಗ್ ಬಿಚ್ಚುವಾಗ ಮತ್ತೆ ಕೀಳುತ್ತದೆ. ಬುಷ್ ಉದ್ದವಾಗಿ ಅದರ ಅಂಚೇ ಕೋಣೆಗೆ ಚಾಚಿದರೂ ಅದೇ ಅಪಾಯ. ತಂತಿಯ ಇನ್ಸರ್ಟ್ ಇಲ್ಲಿ ಕೆಲಸ ಮಾಡುತ್ತದೆ, ಆದರೆ ಪ್ಲಗ್ ಬಿಚ್ಚಿದಾಗ ಅದರೊಂದಿಗೇ ಹೊರಬರುವ ಸಾಧ್ಯತೆ ಇರುವುದರಿಂದ ಅಂಚಿರುವ ಘನ ಬುಷ್ ಆರಿಸಿ.

ಹೆಡ್ ಬಿಚ್ಚಿ ಮಾಡುವುದೇ ನಿಶ್ಚಿಂತೆ. ಬಿಚ್ಚದೆ ಮಾಡುವುದಾದರೆ ಪಿಸ್ಟನ್ ಕೆಳಗಿಳಿದು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ, ಅಂದರೆ ಪವರ್ ಸ್ಟ್ರೋಕಿನ ನಡುಭಾಗಕ್ಕೆ ಕ್ರ್ಯಾಂಕ್ ತಿರುಗಿಸಿ. ಟ್ಯಾಪಿನ ಕಾಲುವೆಗಳಿಗೆ ದಪ್ಪ ಗ್ರೀಸ್ ತುಂಬಿ, ಒಂದೊಂದು ಸುತ್ತಿಗೂ ತೆಗೆದು ಒರೆಸಿ ಮತ್ತೆ ಗ್ರೀಸ್ ತುಂಬಿ. ಮುಗಿದ ಮೇಲೆ ವ್ಯಾಕ್ಯೂಮಿಗೆ ತೆಳು ಕೊಳವೆ ಸಿಕ್ಕಿಸಿ ಪಿಸ್ಟನ್ ಮೇಲ್ಮೈಯನ್ನೆಲ್ಲ ಎಳೆಯಿರಿ, ಸಣ್ಣ ಕ್ಯಾಮೆರಾ ಇಳಿಸಿ ನೋಡಿ. ಆಮೇಲೆ ಪ್ಲಗ್ ಹಾಕದೆಯೇ ಸ್ಟಾರ್ಟರಿನಿಂದ ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಿ. ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25–30 ನ್ಯೂಟನ್ ಮೀಟರ್ ಸಾಕು.

ಸಂಪ್ ಪ್ಲಗ್, ಎಕ್ಸಾಸ್ಟ್ ಸ್ಟಡ್

ಸಂಪ್ ಪ್ಲಗ್ಗಿನಲ್ಲಿ (ಎಂಜಿನ್ ತಳದ ಎಣ್ಣೆ ತೊಟ್ಟಿಯ ಬಿರಡೆ) ಎಣ್ಣೆ ತಡೆಯುವುದು ತಾಮ್ರದ ವಾಷರ್, ಥ್ರೆಡ್ ಅಲ್ಲ. ಎಂ14×1.5 ತೂತಿಗೆ ಇನ್ಸರ್ಟ್ ಹಾಕಿದರೆ ತೂತಿನ ಬಾಯಿ ಸುಮಾರು 16 ಮಿ.ಮೀ. ಆಗುತ್ತದೆ, ವಾಷರ್ ಅದರಾಚೆಯ ಸಮ ಮೇಲ್ಮೈಯ ಮೇಲೆ ಕೂರಬೇಕು, ಆದ್ದರಿಂದ ಹೊರವ್ಯಾಸ 20 ಮಿ.ಮೀ.ಗಿಂತ ಕಡಿಮೆಯದು ಬೇಡ. ಸಂಪ್ ಬಿಚ್ಚಿಯೇ ಈ ಕೆಲಸ ಮಾಡಿ.

ಎಕ್ಸಾಸ್ಟ್ ಸ್ಟಡ್ಡಿಗೆ ತಂತಿಯ ಇನ್ಸರ್ಟ್ ಚೆನ್ನಾಗಿ ಬಾಳುತ್ತದೆ. ಥ್ರೆಡ್‌ಲಾಕನ್ನು ಮಾತ್ರ ಅಲ್ಲಿ ನೆಚ್ಚಬೇಡಿ: ಮಾಮೂಲಿ ಕೆಂಪು ಜಾತಿಯದು 150 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಲ ಕಳೆದುಕೊಳ್ಳುತ್ತದೆ. ಹಿತ್ತಾಳೆ ನಟ್ ಹಾಕಿ, ಅದು ಸ್ಟಡ್ಡಿಗೆ ಅಂಟಿಕೊಂಡು ಬಿಡುವುದಿಲ್ಲ.

ಟಾರ್ಕ್

ಎಂಜಿನ್ನಿನ ಕೈಪಿಡಿ ಹೇಳಿದ ಟಾರ್ಕನ್ನೇ ಅನುಸರಿಸಿ. ಕೈಪಿಡಿ ಮೌನವಾಗಿದ್ದರೆ ಅಲ್ಯೂಮಿನಿಯಂನಲ್ಲಿನ ಮುಚ್ಚಳದ ಬೋಲ್ಟುಗಳಿಗೆ ಎಂ6ಕ್ಕೆ 8–10, ಎಂ8ಕ್ಕೆ 18–22 ನ್ಯೂಟನ್ ಮೀಟರ್ ಸುರಕ್ಷಿತ. ಒಣ ಥ್ರೆಡ್ಡಿಗೆ ಕೊಟ್ಟ ಅಂಕಿಯನ್ನು ಎಣ್ಣೆ ಅಥವಾ ಆಂಟಿಸೀಜ್ (ಥ್ರೆಡ್ ಅಂಟದಂತೆ ತಡೆಯುವ ಲೇಪ) ಹಚ್ಚಿದ ಥ್ರೆಡ್ಡಿಗೆ ಹಾಗೆಯೇ ಬಳಸಬೇಡಿ. ಘರ್ಷಣೆ ಕಡಿಮೆಯಾದ್ದರಿಂದ ಅದೇ ಟಾರ್ಕಿನಲ್ಲಿ ಬೋಲ್ಟ್ ಬಹಳ ಹೆಚ್ಚು ಎಳೆಯುತ್ತದೆ.

ಇನ್ಸರ್ಟ್ ಕೆಟ್ಟು ಕೂತರೆ

ಬೋಲ್ಟ್ ಎರಡು ಸುತ್ತು ಹೋಗಿ ನಿಂತರೆ ಸುರುಳಿ ಥ್ರೆಡ್ ಹಾರಿರುತ್ತದೆ. ಬೋಲ್ಟ್ ಜೊತೆಗೇ ಇನ್ಸರ್ಟ್ ತಿರುಗಿ ಬಂದರೆ ತೂತು ದೊಡ್ಡದಾಗಿರುತ್ತದೆ ಅಥವಾ ಬೋಲ್ಟಿನ ಥ್ರೆಡ್ಡಿನಲ್ಲಿ ಗಾಯವಿರುತ್ತದೆ. ತೆಗೆಯಲು ಚೂಪು ಮೂತಿಯ ಇಕ್ಕಳದಿಂದ ಮೇಲಿನ ಸುತ್ತಿನ ತುದಿಯನ್ನು ಹಿಡಿದು ಕೇಂದ್ರದ ಕಡೆಗೆ ಎಳೆದು, ಸುರುಳಿ ಬಿಚ್ಚಿಕೊಳ್ಳುವಂತೆ ಮೇಲಕ್ಕೆಳೆಯಿರಿ. ಹೊರಗಿನ ಥ್ರೆಡ್ ಸಾಮಾನ್ಯವಾಗಿ ಕೆಡುವುದಿಲ್ಲ, ತೊಳೆದು ಹೊಸ ಇನ್ಸರ್ಟ್ ಹಾಕಬಹುದು. ತೆಗೆದದ್ದನ್ನೇ ಮತ್ತೆ ಬಳಸಬೇಡಿ. ಇನ್ಸರ್ಟ್ ಥ್ರೆಡ್ಡೇ ಸಡಿಲವಾಗಿದ್ದರೆ ತಂತಿಯ ಮೇಲೆ ಅಂಟು ಸುರಿದು ಉಳಿಸಲು ಹೋಗದೆ, ಗೋಡೆಯ ದಪ್ಪವನ್ನು ಮತ್ತೊಮ್ಮೆ ಅಳೆದು, ಒಂದು ಅಳತೆ ದೊಡ್ಡ ಹೊರವ್ಯಾಸದ ಘನ ಬುಷ್ಷಿಗೆ ಹೋಗಿ.